ಯಾರೂ ಮುಟ್ಟದ ಬಟ್ಟೆ

ಹಳೆಯ ರೇಡಿಯೋ ನೋಡಲು ಯಾರೇ ಮನೆಗೆ ಬಂದರೂ ಋಷಿಕೇಶ್ ಒಂದು ಮಾತನ್ನು ಹೇಳದೆ ಕಳಿಸುತ್ತಿರಲಿಲ್ಲ.

"ಈ ಮುಂದಿನ ಬಟ್ಟೆ ನೋಡಿ ಸಾರ್. ಅರವತ್ತು ವರ್ಷದ್ದು. ಒರಿಜಿನಲ್ಲು. ಯಾರೂ ಮುಟ್ಟೇ ಇಲ್ಲ."

ಬಂದವರು ಬಗ್ಗಿ ನೋಡುತ್ತಿದ್ದರು. ಸ್ಪೀಕರಿನ ಮುಂದೆ ಬಿಗಿದಿದ್ದ ಬಟ್ಟೆಯಲ್ಲಿ ಹತ್ತಿಯ ಎಳೆ, ರೇಯಾನಿನ ಎಳೆ, ನಡುನಡುವೆ ಚಿನ್ನದ ಬಣ್ಣದ ಸಣ್ಣ ಜರಿ, ಎಲ್ಲವೂ ನಿನ್ನೆ ಮಗ್ಗದಿಂದ ಇಳಿದಂತೆ ಹೊಳೆಯುತ್ತಿದ್ದವು. "ಸಕ್ಕತ್ತಾಗಿ ಉಳಿದಿದೆ ಕಣ್ರೀ," ಎಂದು ಅವರು ತಲೆದೂಗುತ್ತಿದ್ದರು.

ಅಡುಗೆಮನೆಯಲ್ಲಿ ಅವರಿಗಾಗಿ ಕಾಫಿ ಸೋಸುತ್ತಿದ್ದ ಶಶಿಕಲಾಗೆ ಪ್ರತಿ ಸಲವೂ ಈ ಮಾತು ಕೇಳಿಸುತ್ತಿತ್ತು. ಆ ಬಟ್ಟೆಗೆ ಹಬೆ ಹಿಡಿದು ಹಿಂದಿನ ಹಲಗೆಯ ಅಂಟಿನಿಂದ ಬಿಡಿಸಿದವಳು ಅವಳು. ಮಗಳು ಬಳಸಿ ಬಿಟ್ಟ ಮೇಕಪ್ ಬ್ರಷ್ಷಿನಿಂದ ಅದರ ಧೂಳು ತೆಗೆದವಳು, ಅಂಟುವಾಳದ ಕಾಯಿ ನೆನೆಸಿದ ತಿಳಿಯಲ್ಲಿ ತೆಳುವಾದ ಮಲ್ ಬಟ್ಟೆ ಅದ್ದಿ ಅಂಗುಲ ಅಂಗುಲವೂ ಒತ್ತಿ ಕೊಳೆ ಎಳೆದವಳು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಿಂದ ಅದನ್ನು ತೊಳೆದವಳು, ಎಳೆ ಸೊಟ್ಟಗಾಗದಂತೆ ಗುಂಡುಪಿನ್ನು ಚುಚ್ಚಿ ನೆರಳಲ್ಲಿ ಒಣಗಿಸಿದವಳು, ಎಲ್ಲ ಅವಳೇ. ರೇಯಾನು ಒದ್ದೆಯಾದಾಗ ಅರ್ಧ ಬಲ ಕಳೆದುಕೊಳ್ಳುತ್ತದೆ, ಉಜ್ಜಿದರೆ ಹರಿಯುತ್ತದೆ. ಕ್ಷಾರ ತಾಗಿದರೆ ಜರಿ ಕಪ್ಪಾಗುತ್ತದೆ. ಬಿ.ಎಸ್ಸಿ.ಯಲ್ಲಿ ಕೆಮಿಸ್ಟ್ರಿ ಓದಿ, ಪೀಣ್ಯದ ಬಣ್ಣದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದವಳು ಅವಳು. ಮಾವ ಹಾಸಿಗೆ ಹಿಡಿದಾಗ ಆ ಕೆಲಸ ಬಿಟ್ಟಳು. ಮಾವ ಹೋದ ಮೇಲೆ ಮತ್ತೆ ಸೇರಬೇಕೆಂದಾಗ, ಋಷಿಕೇಶ್ ತನ್ನ ಸರ್ಕಾರಿ ಕಾರ್ಖಾನೆಯಿಂದ ಸ್ವಯಂನಿವೃತ್ತಿ ಪಡೆದು ಮನೆಯ ಹಾಲ್‌ನ ಅರ್ಧ ಭಾಗವನ್ನು ರಿಪೇರಿ ಮಾಡಿ ಮಾರುವ ಹಳೆಯ ರೇಡಿಯೋಗಳಿಂದ ತುಂಬಿಸಿಬಿಟ್ಟಿದ್ದ. ಅವುಗಳ ಬಟ್ಟೆಯ ಕೆಲಸ ಅವಳ ಪಾಲಿಗೆ ಬಂತು.

ಒಮ್ಮೆ ಅವಳು ಕೇಳಿಯೇ ಬಿಟ್ಟಿದ್ದಳು. "ಯಾರೂ ಮುಟ್ಟಿಲ್ಲ ಅಂತ ಯಾಕ್ರೀ ಹೇಳ್ತೀರಿ? ತೊಳೆದಿದ್ದು ನಾನಲ್ವಾ?"

"ಅಯ್ಯೋ, ಅದು ವ್ಯಾಪಾರದ ಮಾತು ಕಣೇ. ತೊಳೆದಿದೀವಿ ಅಂದ್ರೆ ಗಿರಾಕಿ ಮೂಗು ಮುರೀತಾನೆ."

"ನನ್ನ ಹೆಂಡ್ತಿ ತೊಳೆದು ಉಳಿಸಿದ್ದಾಳೆ ಅನ್ನಿ. ಅದೂ ನಿಜ ತಾನೆ?"

ಅತ್ತೆ ಅಮ್ಮಣ್ಣಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. "ಬಟ್ಟೆ ಒಗೆದಿದ್ದಕ್ಕೂ ಹಾರ ಹಾಕ್ಬೇಕಾ ನಿಂಗೆ? ನಾನು ಐವತ್ತು ವರ್ಷ ಒಗೆದಿದೀನಿ. ಯಾರೂ ಶಾಲು ಹೊದಿಸ್ಲಿಲ್ಲ."

"ಹೊದಿಸ್ಬೇಕಾಗಿತ್ತು ಅತ್ತೆ," ಎಂದು ಶಶಿಕಲಾ ಒಳಗೆ ಹೋದಳು.

ಮಾಕಳಿಯ ಚಿಕ್ಕಬೈರಪ್ಪ ಬಂದದ್ದು ಅವರೆಕಾಯಿಯ ದಿನಗಳಲ್ಲೇ. ಒಂದು ಕಾಲಕ್ಕೆ ರಾಗಿ ಬೆಳೆಯುತ್ತಿದ್ದ ಜಮೀನಿನಲ್ಲಿ ಈಗ ಕಾರ್ಖಾನೆಗಳಿಗೆ ಶೆಡ್ಡು ಕಟ್ಟಿ ಬಾಡಿಗೆಗೆ ಕೊಟ್ಟಿರುವ ಗೌಡರು. ಆಟೋದಿಂದ ತಮ್ಮ ಮನೆಯ ಹಳೆಯ ರೇಡಿಯೋವನ್ನು ತಾವೇ ತಬ್ಬಿಕೊಂಡು ಇಳಿಸಿದರು. ಅದರ ಮುಂದಿನ ಬಟ್ಟೆ ಸೌದೆಯ ಹೊಗೆಯಿಂದ ಕಂದಾಗಿತ್ತು. ನಟ್ಟನಡುವೆ ಒಂದು ರೂಪಾಯಿಯಗಲದ ಹಳದಿ ಗುರುತು.

"ನಮ್ಮವ್ವ ಆಯುಧಪೂಜೆ ದಿನ ನೇಗ್ಲಿಗೆ, ಕುಡ್ಲಿಗೆ ಇಕ್ಕಿದ್ ಅಂಗೇ ಇದಕ್ಕೂ ಅರಿಶ್ನದ ಬೊಟ್ಟು ಇಕ್ತಿತ್ತು," ಎಂದರು ಗೌಡರು. "ಮರಕ್ಕಿಕ್ಕಿದ್ರೆ ಒರ್ಸ್ಕಂಡ್ ಓಯ್ತದೆ ಅಂತ ಬಟ್ಟೇಗೇ ಇಕ್ಕೋದು. ವರ್ಸ ವರ್ಸ ಒಂದೇ ಜಾಗ್ದಾಗೆ. ಈಗ ಅವ್ವ ಇಲ್ಲ. ಕೊಳೆ ಓಗ್ಬೇಕು ಋಷಿ, ಬೊಟ್ಟು ಓಗ್ಬಾರ್ದು. ಎಂಗ್ ಮಾಡ್ತೀಯೋ ನೋಡು."

"ನೀವು ನಿಶ್ಚಿಂತೆಯಾಗಿರಿ ಗೌಡ್ರೇ. ನಾನಿದೀನಿ," ಎಂದ ಋಷಿಕೇಶ್. ಗೌಡರು ಹೋದ ಮೇಲೆ ಒಳಗೆ ತಿರುಗಿ, "ಶಶೀ, ಇಲ್ಲಿ ಬಾ, ಇದೊಂದು ನೋಡು," ಎಂದ.

ಅವಳು ನೋಡಿದಳು. ಬಟ್ಟೆ ಬಿಡಿಸುವುದರಲ್ಲೇ ಒಂದು ಮಧ್ಯಾಹ್ನ ಹೋಯಿತು. ಒಣ ಧೂಳು ತೆಗೆದದ್ದಾಯಿತು, ಅಷ್ಟರಲ್ಲಿ ಬೊಮ್ಮಸಂದ್ರದಿಂದ ತಂಗಿ ಶ್ಯಾಮಲಾಗೆ ಹೆರಿಗೆಯಾದ ಸುದ್ದಿ ಬಂತು. ಶಶಿಕಲಾ ಬಟ್ಟೆಯನ್ನು ಮಲ್ ಬಟ್ಟೆಯ ನಡುವೆ ಮಲಗಿಸಿ, ಬೀರುವಿನ ಮೇಲಿಟ್ಟು, ಹೊರಡುವಾಗ ಗಂಡನಿಗೆ ಹೇಳಿದಳು. "ಇದನ್ನ ಮುಟ್ಬೇಡಿ. ಬಂದು ನಾನು ಮಾಡ್ತೀನಿ."

"ಗೌಡ್ರು ಭಾನುವಾರ ಬರ್ತಾರಲ್ಲ?"

"ಇನ್ನೊಂದು ಭಾನುವಾರ ಬರ್ಲಿ. ಬಟ್ಟೆಗೆ ಅವಸರ ಆಗಲ್ಲ."

ಭಾನುವಾರ ಮಧ್ಯಾಹ್ನ ಅವಳು ನಾಗಸಂದ್ರದಲ್ಲಿ ಮೆಟ್ರೋ ಇಳಿದು, ಬಾಣಂತಿ ಮನೆಯ ಕೊಬ್ಬರಿ ಮಿಠಾಯಿಯ ಡಬ್ಬಿ ಹಿಡಿದು ಮನೆಗೆ ಬಂದಾಗ, ಹಾಲ್‌ನಲ್ಲಿ ಗೌಡರು ಕೂತಿದ್ದರು. ಮುಖ ಬಾಡಿತ್ತು. ಅವಳನ್ನು ಕಂಡು ಎದ್ದು ನಿಂತರು.

"ಓಗ್ಲಿ ಬುಡವ್ವ," ಎಂದರು. "ಗೊತ್ತಿಲ್ದೆ ಆಯ್ತದೆ. ನೀನೇನ್ ಬೇಕೂ ಅಂತ ಮಾಡಿದ್ದಲ್ಲ."

"ಏನು ಗೌಡ್ರೇ?"

"ಶಶೀ, ಒಳಗೆ ಹೋಗು. ಗೌಡ್ರಿಗೆ ಕಾಫಿ ಆಗ್ಬೇಕು," ಎಂದ ಋಷಿಕೇಶ್, ಅವಳ ಕಡೆ ನೋಡದೆ.

"ಬ್ಯಾಡ ಬ್ಯಾಡ. ಕಾಫಿ ಇಳಿಯಾಕಿಲ್ಲ ಇವತ್ತು," ಎಂದು ಗೌಡರು ಚಪ್ಪಲಿ ಮೆಟ್ಟಿದರು. ಬಾಗಿಲಲ್ಲಿ ನಿಂತು ಅವಳಿಗೆ ಮತ್ತೊಮ್ಮೆ ಸಮಾಧಾನ ಹೇಳಿದರು. "ಎಣ್ ಮಕ್ಳು, ಕೊಳೆ ಕಂಡ್ರೆ ನೆನೆ ಆಕ್ಬುಡ್ತೀರಿ. ನನ್ ಎಂಡ್ತಿನೂ ಅಂಗೇಯ."

ಶಶಿಕಲಾ ಹಿತ್ತಿಲಿಗೆ ಹೋದಳು. ತಂತಿಯ ಮೇಲೆ, ಬನಿಯನ್ ಮತ್ತು ಟವೆಲ್ಲಿನ ನಡುವೆ, ಎರಡು ಕ್ಲಿಪ್ಪು ಹಾಕಿಸಿಕೊಂಡು ಆ ಬಟ್ಟೆ ನೇತಾಡುತ್ತಿತ್ತು. ಕುಗ್ಗಿತ್ತು. ನಡುವಿನ ಹಳದಿ ಬೊಟ್ಟು ಕಡುಗೆಂಪಾಗಿ, ಆ ಕೆಂಪು ಸುತ್ತಲೂ ಹರಿದು ಇಡೀ ಬಟ್ಟೆಯನ್ನು ಹಿಡಿದಿತ್ತು. ಮೂಸಿ ನೋಡಿದಳು. ಸೋಪಿನ ಪುಡಿ. ಅರಿಶಿನಕ್ಕೆ ಸೋಪು ಸೋಕಿದರೆ ಕೆಂಪಾಗುತ್ತದೆಂದು ತಿಳಿಯಲು ಕೆಮಿಸ್ಟ್ರಿ ಓದಬೇಕಾಗಿಲ್ಲ. ಜೀವನದಲ್ಲಿ ಒಮ್ಮೆ ಸಾರು ಬಿದ್ದ ಅಂಗಿಯನ್ನು ತಾನೇ ಒಗೆದುಕೊಂಡಿದ್ದರೆ ಸಾಕು. ಈ ಮನೆಯಲ್ಲಿ ಅದು ಗೊತ್ತಿಲ್ಲದ ಮನುಷ್ಯ ಒಬ್ಬನೇ.

ಅವಳು ಬಟ್ಟೆಯನ್ನು ಎರಡೂ ಅಂಗೈ ಮೇಲೆ ಹಿಡಿದುಕೊಂಡು ಒಳಗೆ ಬಂದಳು.

"ರೀ, ನಾನು ನೆನೆ ಹಾಕಿದ್ನಾ ಇದನ್ನ?"

"ಮೆಲ್ಲಗೆ ಮಾತಾಡು. ಪಕ್ಕದ ಮನೆಗೆ ಕೇಳುತ್ತೆ."

"ಮಾಕಳಿಗೇ ಕೇಳಿ ಆಯ್ತಲ್ಲ. ಪಕ್ಕದ ಮನೆಗೆ ಕೇಳಿದ್ರೆ ಏನಂತೆ?"

"ಗೌಡ್ರು ಬರ್ತೀನಿ ಅಂದಿದ್ರು. ನೀನು ಹೋಗಿ ಅಲ್ಲಿ ಕೂತೆ. ಒಂದು ತುಂಡು ಬಟ್ಟೆ ತಾನೆ ಅಂತ ಬಿಸಿನೀರಿಗೆ ಹಾಕ್ದೆ. ಆಗೋಯ್ತು."

"ಅದನ್ನೇ ಅವರಿಗೆ ಹೇಳ್ಬೇಕಿತ್ತು."

"ಹೇಗ್ ಹೇಳ್ಲಿ ಶಶಿ?" ಋಷಿಕೇಶ್ ಕುರ್ಚಿಯ ತುದಿಗೆ ಸರಿದ. "ಜನ ನನ್ನ ನಂಬಿ ಸೆಟ್ ತಂದುಕೊಡ್ತಾರೆ. ನಾನೇ ಕೆಡಿಸ್ದೆ ಅಂದ್ರೆ ಇಷ್ಟು ವರ್ಷದ ಹೆಸರು ಹೋಯ್ತು. ನೀನಾದ್ರೆ ನಿಂಗೇನು ಹೋಗುತ್ತೆ? ನಿನ್ನನ್ನ ರಿಪೇರಿಯವಳು ಅಂತ ಯಾರಾದ್ರೂ ನಂಬಿದ್ರಾ?"

"ನಂಬೋ ಹಾಗೆ ನೀವು ಯಾವತ್ತು ಹೇಳಿದ್ರಿ? ಚೆನ್ನಾಗಿ ಬಂದಾಗ ಯಾರೂ ಮುಟ್ಟಿಲ್ಲ. ಹಾಳಾದಾಗ ಮಾತ್ರ ಶಶಿ ಮುಟ್ಟಿದ್ಳು."

ಅಮ್ಮಣ್ಣಿ ಅಡುಗೆಮನೆಯಿಂದಲೇ ಕೂಗಿದರು. "ಬಂದವಳು ಕೈಕಾಲು ತೊಳ್ಕೊಂಡು ಊಟ ಮಾಡಬಾರ್ದಾ? ಹಿತಕಿದ ಬೇಳೆ ಸಾರು ಮಾಡಿಟ್ಟಿದೀನಿ."

"ನೀವು ಮನೇಲೇ ಇದ್ರಲ್ಲ ಅತ್ತೆ. ಗೌಡ್ರು ನಂಗೆ ಸಮಾಧಾನ ಹೇಳ್ತಿದ್ದಾಗ ಒಂದು ಮಾತು ಆಡ್ಬಹುದಿತ್ತು."

"ಪರರ ಮುಂದೆ ಮಗನ್ನ ಬಿಟ್ಟುಕೊಡು ಅಂತೀಯಾ?"

"ಸೊಸೇನ ಬಿಟ್ಟುಕೊಟ್ರಲ್ಲ!"

ಒಳಗೆ ಸಾರಿನ ಪಾತ್ರೆಯ ಮುಚ್ಚಳ ಸದ್ದು ಮಾಡಿತು.

ಕಾಲೇಜಿನಲ್ಲಿ ಎರಡನೇ ವರ್ಷದ ಡಿಗ್ರಿ ಓದುತ್ತಿದ್ದ ಮಗಳು ಸುಕೃತಿ ಮರುದಿನ ಇನ್ನೊಂದು ಸಂಗತಿ ಹೊರತಂದಳು. ರೇಡಿಯೋ ಹುಚ್ಚಿನವರ ವಾಟ್ಸಾಪ್ ಗುಂಪೊಂದಿತ್ತು. ವೈಟ್‌ಫೀಲ್ಡಿನಿಂದ ತುಮಕೂರಿನವರೆಗೆ ಅದರಲ್ಲಿ ಜನ. ಅಪ್ಪನ ಫೋನನ್ನು ಚಾರ್ಜಿಗೆ ಹಾಕುವಾಗ, ಅವನು ಗುಂಪಿಗೆ ಕಳಿಸಿದ್ದ ವಾಯ್ಸ್ ಮೆಸೇಜನ್ನು ಅವಳು ಕೇಳಿದ್ದಳು. ತಿಂಡಿಗೆ ಎಲ್ಲರೂ ಕೂತಿದ್ದಾಗ ಉಪ್ಪಿಟ್ಟಿನ ತಟ್ಟೆಗಳ ನಡುವೆ ಫೋನಿಟ್ಟು ಒತ್ತಿದಳು.

ಋಷಿಕೇಶನ ದನಿ ನಗುತ್ತಲೇ ಬಂತು. "ಫ್ರೆಂಡ್ಸ್, ಮಾಕಳಿ ಗೌಡ್ರ ಸೆಟ್ಟಿನ ಬಟ್ಟೆ ಹೋಯ್ತು. ಏನ್ ಹೇಳ್ಲಿ, ನಾನು ಆಚೆ ಹೋಗಿ ಬರೋಷ್ಟರಲ್ಲಿ ಮನೆಯವರು ಸೋಪಿನ ಪುಡೀಲಿ ನೆನೆ ಹಾಕ್ಬಿಟ್ಟಿದಾರೆ…"

ಅದರ ಕೆಳಗೆ ನಗುವ ಮುಖಗಳ ಸಾಲು. ಯಾರೋ ಒಬ್ಬರ ದನಿ, "ಹಳೇ ರೇಡಿಯೋನೂ ಹೆಂಡ್ತೀನೂ ಒಂದೇ ರೂಮಲ್ಲಿ ಇಡಬಾರ್ದು ಗುರು!"

"ಅಪ್ಪ, ಅಮ್ಮ ಊರಲ್ಲೇ ಇರ್ಲಿಲ್ಲ," ಎಂದಳು ಸುಕೃತಿ.

"ನನ್ನ ಫೋನ್ ಯಾಕೆ ಮುಟ್ಟಿದೆ ನೀನು?"

"ಓ, ಅದು ಮುಖ್ಯ ಈಗ! ಇದೇ ಗುಂಪಲ್ಲಿ ನಿಜ ಹೇಳಿ."

"ದೊಡ್ಡವರ ವಿಷಯದಲ್ಲಿ ತಲೆ ಹಾಕ್ಬೇಡ. ತಮಾಷೆಗೆ ಹೇಳಿದ್ದು ಅದು."

ಶಶಿಕಲಾ ತನ್ನ ತಟ್ಟೆಯನ್ನು ತೆಗೆದುಕೊಂಡು ಎದ್ದಳು. "ಯಾರು ನಕ್ರೋ ಅವರಿಗೆಲ್ಲ ಹೇಳಿಬಿಡಿ. ಇನ್ಮೇಲೆ ಈ ಮನೇಲಿ ಬಟ್ಟೆ ನಿಜವಾಗ್ಲೂ ಯಾರೂ ಮುಟ್ಟಲ್ಲ."

ಆಡಿದಂತೆ ನಡೆದಳು. ಅಡುಗೆ ನಿಲ್ಲಿಸಲಿಲ್ಲ, ಸಂಜೆ ಪಿಯುಸಿ ಮಕ್ಕಳಿಗೆ ಹೇಳಿಕೊಡುವ ಪಾಠ ನಿಲ್ಲಿಸಲಿಲ್ಲ. ಆದರೆ ಹಾಲ್‌ನಲ್ಲಿ ಸಾಲಾಗಿ ನಿಂತ ರೇಡಿಯೋಗಳ ಹತ್ತಿರ ಸುಳಿಯಲಿಲ್ಲ. ಮರಕ್ಕೆ ಪಾಲಿಶ್ ಬಿತ್ತು, ಒಳಗಿನ ಗಾಜಿನ ವಾಲ್ವುಗಳು ಹೊತ್ತಿಕೊಂಡವು, ಹಾಡೂ ಬಂತು. ಬಟ್ಟೆ ಮಾತ್ರ ಜಿರಲೆಯ ಕಲೆ, ಬೀಡಿಯ ಹೊಗೆ ಸಮೇತ ಹಾಗೇ ಉಳಿಯಿತು. ಋಷಿಕೇಶ್ ಚಿಕ್ಕಪೇಟೆಗೆ ಹೋಗಿ ಸೋಫಾಕ್ಕೆ ಹಾಕುವ ಬಟ್ಟೆ ತಂದು ಒಂದಕ್ಕೆ ಬಿಗಿದ. ಅದನ್ನು ಕೊಳ್ಳಬೇಕಾಗಿದ್ದವರು ಬಂದು, ನೋಡಿ, "ಇದೇನ್ರೀ, ನಮ್ಮತ್ತೆ ಮನೆ ದಿವಾನ್ ಥರ ಇದೆ," ಎಂದು ಎದ್ದು ಹೋದರು.

ಆ ಸಂಜೆ ಊಟಕ್ಕೆ ಕೂತಾಗ ಅವನು ಮುದ್ದೆಯನ್ನು ಮುರಿದು ಹಾಗೇ ಬಿಟ್ಟ. "ಎಷ್ಟು ದಿನ ಹೀಗೆ?"

"ಉಪ್ಪು ಕಮ್ಮಿನಾ?" ಎಂದಳು ಶಶಿಕಲಾ.

"ನಾನು ಉಪ್ಪಿನ ಮಾತಾಡ್ತಿಲ್ಲ."

"ನಾನೂ ಮಾತಾಡ್ತಿಲ್ಲ."

ಸುಕೃತಿ ನಕ್ಕುಬಿಟ್ಟಳು. ಅಮ್ಮಣ್ಣಿ ಅವಳ ತೊಡೆ ಚಿವುಟಿದರು.

ಗೌಡರ ಬಟ್ಟೆ ಮಾತ್ರ ಶಶಿಕಲಾಳ ತಲೆಯಿಂದ ಹೋಗಲಿಲ್ಲ. ಸೋಪು ಎಳೆಗಳಲ್ಲಿ ಕೂತಷ್ಟೂ ಜರಿ ಸಾಯುತ್ತದೆ. ಆ ಬೊಟ್ಟಿಟ್ಟ ಹೆಂಗಸಿಗೂ ಈ ಮನೆಯ ಜಗಳಕ್ಕೂ ಏನು ಸಂಬಂಧ? ಒಂದು ಬೆಳಿಗ್ಗೆ ಅವಳು ಬಟ್ಟೆಯನ್ನು ಟ್ರೇಯಲ್ಲಿ ಹಾಸಿ, ಡಿಸ್ಟಿಲ್ಡ್ ನೀರಿಗೆ ಒಂದಿಷ್ಟೇ ವಿನಿಗರ್ ಬೆರೆಸಿ ಸುರಿದಳು. ಕೆಂಪು ಅವಳ ಕಣ್ಣೆದುರೇ ಹಳದಿಗೆ ತಿರುಗಿತು. ಅರ್ಧ ಕೆಲಸ ಅದು. ಈಗ ಇಡೀ ಬಟ್ಟೆ ಹಳದಿ. ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಆದರೆ ಬಿಸಿಲಿಗಿಟ್ಟರೆ ಹರಡಿದ ಹಳದಿಯ ಜೊತೆ ಅವ್ವನ ಬೊಟ್ಟೂ ಹೋಗುತ್ತದೆ. ಒಂದು ದಿನವೆಲ್ಲ ಅದನ್ನೇ ಯೋಚಿಸಿದಳು. ಕೊನೆಗೆ ಕಪ್ಪು ಕಾಗದವನ್ನು ಒಂದು ರೂಪಾಯಿಯಗಲಕ್ಕೆ ದುಂಡಗೆ ಕತ್ತರಿಸಿ, ಅರಿಶಿನ ದಟ್ಟವಾಗಿ ಕೂತಿದ್ದ ಜಾಗದ ಮೇಲಿಟ್ಟು, ಕುಗ್ಗಿದ ಬಟ್ಟೆಯನ್ನು ತೇವವಿದ್ದಾಗಲೇ ಸ್ವಲ್ಪ ಸ್ವಲ್ಪವಾಗಿ ಹಿಗ್ಗಿಸಿ ಪಿನ್ನು ಚುಚ್ಚಿ, ತಾರಸಿಯ ಬಿಸಿಲಿಗಿಟ್ಟಳು.

ಹೀಗೇ ದಿನಾ ಇಟ್ಟಳು. ಒಂದು ದಿನ ಪಾಠದ ಪುಸ್ತಕ ತರಲು ಹೋಗಿ ಬಂದಾಗ, ತಾರಸಿಯಲ್ಲಿ ಅಮ್ಮಣ್ಣಿ ಕುಕ್ಕರಗಾಲಲ್ಲಿ ಕೂತಿದ್ದರು. ಕಪ್ಪು ಕಾಗದದ ಮೇಲೆ ನಾಲ್ಕು ಹುಣಸೆ ಬೀಜ.

"ಗಾಳಿಗೆ ಹಾರೋಗ್ತಿತ್ತು," ಎಂದರು.

ಶಶಿಕಲಾ ಪಕ್ಕದಲ್ಲಿ ಕೂತಳು. "ಅವತ್ತು ಬಿಸಿನೀರು ಕಾಸಿ ಕೊಟ್ಟಿದ್ದು ನೀವೇ ಅಲ್ವಾ ಅತ್ತೆ?"

"ಸ್ನಾನಕ್ಕೆ ಅಂದ್ಕೊಂಡೆ ಕಣೇ." ಜಾರಿದ ಬೀಜವೊಂದನ್ನು ಮತ್ತೆ ಕಾಗದದ ಮೇಲಿಟ್ಟು ಹೇಳಿದರು, "ಬಕೆಟ್ಟು ಕೆಂಪಾದಾಗ ನೋಡ್ದೆ. ಅಯ್ಯೋ ತೆಗಿಯೋ ಅಂದೆ. ನಿಂಗೇನ್ ಗೊತ್ತಮ್ಮ ಸುಮ್ನಿರು ಅಂದ."

"ಮತ್ತೆ ಗೌಡ್ರ ಮುಂದೆ ಯಾಕೆ ಹೇಳ್ಲಿಲ್ಲ?"

"ಸುಮ್ನಿರು ಅಂದ್ನಲ್ಲ. ಸುಮ್ನಿದ್ದೆ. ಅವರಪ್ಪನೂ ಹಂಗೇ ಅಂತಿದ್ರು." ಅಮ್ಮಣ್ಣಿ ಮಂಡಿ ಹಿಡಿದು ಎದ್ದರು. "ನೀನು ಮಾತ್ರ ಸುಮ್ನಿರೋಳಲ್ಲ."

ಅದು ಬೈಗುಳವೋ ಮೆಚ್ಚಿಗೆಯೋ ಶಶಿಕಲಾಗೆ ತಿಳಿಯಲಿಲ್ಲ.

ಬಟ್ಟೆ ಬೆಳ್ಳಗಾಯಿತು. ಜರಿ ಅಲ್ಲಲ್ಲಿ ಮಂಕಾಗಿತ್ತು, ಅದಕ್ಕೆ ಮದ್ದಿರಲಿಲ್ಲ. ಕಾಗದ ತೆಗೆದಾಗ ನಡುವೆ ಬೊಟ್ಟು ಉಳಿದಿತ್ತು, ಅಂಚು ತುಸು ಕಲೆಸಿದಂತೆ, ಬೆರಳಲ್ಲಿ ಇಟ್ಟ ಬೊಟ್ಟು ಇರಬೇಕಾದ ಹಾಗೆಯೇ. ಅವಳು ಮೈದಾ ಅಂಟು ಕಾಯಿಸಿ ಬಟ್ಟೆಯನ್ನು ಹಲಗೆಗೆ ಬಿಗಿದಳು. ಋಷಿಕೇಶ್ ಬಾಗಿಲಲ್ಲಿ ನಿಂತು ನೋಡಿದ.

"ಅಬ್ಬಾ! ಕೊಡು, ನಾನು ಸೆಟ್ಟಿಗೆ ಕೂರಿಸಿ ಮಾಕಳಿಗೆ ಕೊಟ್ಟು ಬರ್ತೀನಿ."

"ಕೂರಿಸಿ. ಮಾಕಳಿಗೆ ನಾನೂ ಬರ್ತೀನಿ."

"ನೀನ್ಯಾಕೆ ಅಲ್ಲಿಗೆ?"

"ಕೆಡಿಸಿದವಳು ಅಲ್ವಾ ನಾನು? ಕ್ಷಮೆ ಕೇಳೋದು ಬೇಡ್ವಾ?"

ಅವನು ಹಲಗೆಯನ್ನು ಎತ್ತಿಕೊಂಡು ಹಾಲ್‌ಗೆ ನಡೆದ.

ಗೌಡರ ಮನೆ ಮೂರಂತಸ್ತಿನದು. ಮೇಲಿನ ಎರಡರಲ್ಲಿ ಕಾರ್ಖಾನೆಯ ಹುಡುಗರು ಬಾಡಿಗೆಗಿದ್ದರು. ಜಗಲಿಯ ಮೇಲೆ ರೇಡಿಯೋ ಇಟ್ಟು ಹೊದಿಕೆ ತೆಗೆದಾಗ ಗೌಡರು ಬಗ್ಗಿ ನೋಡಿದರು. ಬೊಟ್ಟಿನ ಹತ್ತಿರಕ್ಕೆ ಬೆರಳು ಒಯ್ದು, ಮುಟ್ಟದೆ ಹಿಂದಕ್ಕೆ ತೆಗೆದರು. ಕಣ್ಣೊರೆಸಿಕೊಂಡರು. ಆಮೇಲೆ ಋಷಿಕೇಶನ ಎರಡೂ ಕೈ ಹಿಡಿದುಕೊಂಡರು.

"ಋಷಿ, ನಿನ್ ಕೈಗೆ ಚಿನ್ನದ ಕಡಗ ಆಕ್ಬೇಕು ಕಣಪ್ಪ! ಎಂಡ್ತಿ ಕೆಡ್ಸಿದ್ನ ಎಂಗ್ ಸರಿ ಮಾಡ್ಬುಟ್ಟೆ!"

ಋಷಿಕೇಶ್ ನೆಲ ನೋಡಿದ. ಶಶಿಕಲಾ ಕಾದಳು. ಅವನು ಬಾಯಿ ತೆರೆಯಲೆಂದು ನಿಜವಾಗಿ ಕಾದಳು. ಗೌಡರ ಕೊಟ್ಟಿಗೆಯಲ್ಲಿ ಹಸುವೊಂದು ಕೊರಳು ಅಲ್ಲಾಡಿಸಿತು. ಗಂಟೆಯ ಸದ್ದು ನಿಂತಿತು. ಅವನು ಬಾಯಿ ತೆರೆಯಲಿಲ್ಲ.

"ಗೌಡ್ರೇ," ಎಂದಳು. "ಸೋಪಿನಲ್ಲಿ ನೆನೆ ಹಾಕಿದ್ದು ಇವರು. ನಾನು ಆಗ ಬೊಮ್ಮಸಂದ್ರದಲ್ಲಿದ್ದೆ. ಸರಿ ಮಾಡಿದ್ದು ನಾನು. ಇವರು ಇಷ್ಟು ವರ್ಷ ಯಾರೂ ಮುಟ್ಟಿಲ್ಲ ಅಂತ ಮಾರಿದ ಬಟ್ಟೆ ಎಲ್ಲಾನೂ ತೊಳೆದಿದ್ದು ನಾನು."

ಗೌಡರು ಹಿಡಿದಿದ್ದ ಕೈ ಬಿಟ್ಟರು. "ಔದೇನ್ಲಾ?"

"ಆಗ… ಗಾಬರಿಯಾಗಿತ್ತು ಗೌಡ್ರೇ."

ಗೌಡರು ಒಮ್ಮೆ ಅವನನ್ನು, ಒಮ್ಮೆ ಅವಳನ್ನು ನೋಡಿ ನಕ್ಕುಬಿಟ್ಟರು. "ಓಗ್ಲಿ ಬುಡವ್ವ. ಗಂಡ್ಸು, ಏನೋ ಒಂದ್ ಮಾತು ಬಾಯ್ ತಪ್ಪಿ ಅಂದವ್ನೆ. ಗಂಡ ಎಂಡ್ತಿ ಇಷ್ಯ, ಮನೇಗ್ ಓಗಿ ಮಾತಾಡ್ಕಳಿ. ಬಟ್ಟೆ ಅಂತೂ ಬಂತಲ್ಲ!"

ಶಶಿಕಲಾ ಒಂದು ಹೆಜ್ಜೆ ಮುಂದೆ ಬಂದಳು. "ಗೌಡ್ರೇ, ನಾನು ಕೆಡಿಸಿದೆ ಅಂತ ಇವರು ಅಂದಾಗ ನೀವು ಹೆಣ್ಣುಮಕ್ಕಳೆಲ್ಲ ಹಾಗೇ ಅಂದ್ರಿ. ನಿಮ್ಮ ಹೆಂಡ್ತೀನೂ ಸೇರಿಸಿ ಅಂದ್ರಿ. ಈಗ ಇವರು ಮಾಡಿದ್ದು ಅಂತ ಗೊತ್ತಾಯ್ತು. ಗಂಡಸರೆಲ್ಲ ಹಾಗೇ ಅಂತ ಒಂದು ಸಲ ಅನ್ನಿ ನೋಡೋಣ."

ಬಾಗಿಲ ಹಿಂದಿನಿಂದ, ಇಷ್ಟು ಹೊತ್ತೂ ಕಾಣದೆ ನಿಂತಿದ್ದ ಗೌಡರ ಹೆಂಡತಿ ಅಶ್ವತ್ಥಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಈಚೆ ಬಂದರು. "ಅನ್ನಿ ಮತ್ತೆ," ಎಂದರು ಗಂಡನಿಗೆ. "ಅನ್ನಿ ಅನ್ನಿ. ನಾನೂ ಕೇಳ್ತೀನಿ."

ಗೌಡರು ಕೆಮ್ಮಿದರು. ಅನ್ನಲಿಲ್ಲ.

ಹಿಂದಿರುಗುವಾಗ ಗಂಡ ಹೆಂಡತಿ ತುಮಕೂರು ರಸ್ತೆಯ ಬಸ್ ನಿಲ್ದಾಣದಲ್ಲಿ ನಿಂತರು. ಲಾರಿಗಳು ಒಂದರ ಹಿಂದೊಂದು ಧೂಳೆಬ್ಬಿಸಿ ಹೋಗುತ್ತಿದ್ದವು.

"ಈಗ ಸಮಾಧಾನ ಆಯ್ತಾ?" ಎಂದ ಋಷಿಕೇಶ್.

"ಇಲ್ಲ. ಗುಂಪಿನದು ಬಾಕಿ ಇದೆ."

"ಶಶಿ, ಅಲ್ಲಿ ಎಲ್ಲರೂ ಇದಾರೆ. ನಾನು ತಲೆ ಎತ್ತೋದು ಹೇಗೆ?"

"ನಾನು ಎತ್ಕೊಂಡೇ ಇದೀನಲ್ಲ, ನೋಡ್ಕೊಳ್ಳಿ."

ಬಸ್ಸು ಬಂತು. ಖಾಲಿ ಸೀಟುಗಳೂ ಇದ್ದವು. ಅವನು ಮೆಟ್ಟಿಲ ಕಡೆ ಹೆಜ್ಜೆ ಹಾಕಿ ತಿರುಗಿ ನೋಡಿದ. ಅವಳು ಅಲುಗಿರಲಿಲ್ಲ. "ಮೇಡಂ, ಬರ್ತೀರಾ?" ಎಂದ ಕಂಡಕ್ಟರ್. ಅವಳು ಇಲ್ಲವೆಂದು ತಲೆಯಾಡಿಸಿದಳು. ಬಸ್ಸು ಹೊರಟಿತು.

ಬಸ್ಸು ಹತ್ತದೆ ಹಿಂದಕ್ಕೆ ಬಂದ ಋಷಿಕೇಶ್ ಜೇಬಿನಿಂದ ಫೋನು ತೆಗೆದ. ಗುಂಪನ್ನು ತೆರೆದು, ಗುಂಡಿ ಒತ್ತಿ ಹಿಡಿದು, ಬಾಯಿಗೆ ಹತ್ತಿರ ತಂದ. "ಫ್ರೆಂಡ್ಸ್, ನಮಸ್ಕಾರ. ಅವತ್ತು ಗೌಡ್ರ ಬಟ್ಟೆ… ಅದನ್ನ ಮನೆಯವರು…"

"ನಂಗೆ ಹೆಸರಿದೆ."

"…ಅದನ್ನ ಶಶಿಕಲಾ ಕೆಡಿಸಿದ್ದಲ್ಲ. ನಾನೇ ನೆನೆ ಹಾಕಿದ್ದು. ಅದನ್ನ ಸರಿ ಮಾಡಿದ್ದು, ಇಷ್ಟು ದಿನ ಬಟ್ಟೆ ಎಲ್ಲ ತೊಳೆದಿದ್ದು…"

ಹದಿನಾರು ಚಕ್ರದ ಲಾರಿಯೊಂದು ಅವರ ಮುಂದೆಯೇ ಉದ್ದಕ್ಕೆ ಹಾರ್ನ್ ಹೊಡೆಯಿತು. ಋಷಿಕೇಶ್ ಮಾತು ಮುಗಿಸಿ, ಹಣೆಯ ಬೆವರು ಒರೆಸಿಕೊಂಡು, ಕಳಿಸಲು ಬೆರಳು ಎತ್ತಿದ.

"ತಡೀರಿ," ಎಂದಳು ಶಶಿಕಲಾ. "ಯಾರು ತೊಳೆದಿದ್ದು ಅನ್ನೋ ಜಾಗಕ್ಕೇ ಹಾರ್ನ್ ಬಂತು. ಅಳಿಸಿ ಅದನ್ನ. ಇನ್ನೊಂದ್ಸಲ ಹೇಳಿ."